ನೀ ಬಿಟ್ಟ ನೀರು ಬಂದು ಮುಟ್ಟಿತು

ಅಪ್ಪನ ಬಲಗೈ ತೋರುಬೆರಳಿನ ತುದಿ ಹುಣಸೆ ಬೀಜದ ಹಾಗೆ ನುಣುಪಾಗಿತ್ತು. ಕಾದ ಸೋಲ್ಡರಿಂಗ್ ಕಡ್ಡಿಯ ಪಕ್ಕದಲ್ಲೇ ವರ್ಷಗಟ್ಟಲೆ ಇದ್ದು, ಸುಟ್ಟು, ಮಾಗಿ, ಮತ್ತೆ ಸುಟ್ಟು ಆ ಬೆರಳಿಗೆ ಗೆರೆಗಳೇ ಉಳಿದಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆನಂತೆ. ನನಗೆ ಜ್ವರ ಬಂದರೆ ಮಾತ್ರ ಅಪ್ಪ ಆ ಬೆರಳು ಬಿಟ್ಟು ಮುಂಗೈಯಿಂದ ಹಣೆ ಮುಟ್ಟಿ ನೋಡುತ್ತಿದ್ದರು. "ಈ ಬೆರಳಿಗೆ ಬಿಸಿ-ತಣ್ಣಗ ಏನೂ ತಿಳಿಯಂಗಿಲ್ಲವ್ವ, ಅದು ಸತ್ತು ಭಾಳ ದಿನ ಆತು" ಎನ್ನುತ್ತಿದ್ದರು.

ಕಂಪ್ಲಿಯಲ್ಲಿ ಅವರದು ರೇಡಿಯೊ, ಟೀವಿ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅವ್ವನ ಹಳೆಯ ಸೀರೆಯ ಪರದೆ. ಅವ್ವ ಒಗ್ಗರಣೆ ಹಾಕಿದರೆ ಗಿರಾಕಿಗಳು ಸೀನುತ್ತಿದ್ದರು. ಅಪ್ಪ ಬೆಸುಗೆ ಹಾಕಿದರೆ ಅಡುಗೆಮನೆಯಲ್ಲಿ ಅವ್ವ ಸೆರಗು ಮೂಗಿಗೆ ಹಿಡಿಯುತ್ತಿದ್ದಳು. ನಾನು ಆ ಎರಡೂ ವಾಸನೆಗಳ ನಡುವೆ ಕೂತು ಹೋಮ್‌ವರ್ಕ್ ಮಾಡಿ ಬೆಳೆದವಳು.

ಅಂಗಡಿಯಲ್ಲಿ ಅವರಿಗೆ ಒಂದೇ ಒಂದು ಕಟ್ಟಳೆ. ರಿಪೇರಿ ಮುಗಿದರೂ ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿರಲಿಲ್ಲ. ಕರೆಂಟು ಕೊಟ್ಟು, ಒಂದು ಪೂರ್ತಿ ಹಾಡು ಮುಗಿಯುವ ತನಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಿರಾಕಿ ಅವಸರ ಮಾಡಿದರೆ, "ಹಚ್ಚಿ ನೋಡದ ಮುಚ್ಚಬಾರದ್ರಿ. ನೀವು ಮನಿಗೆ ಹೋಗಿ ಬೈಯೋದು ನನಗ ಇಲ್ಲಿಗೇ ಕೇಳಸ್ತೈತಿ" ಎಂದು ನಗುತ್ತಿದ್ದರು. ಅವ್ವ ಅದನ್ನೇ ಅವರ ಮೇಲೆ ತಿರುಗಿಸುತ್ತಿದ್ದಳು. ಅಪ್ಪ ಸಾರಿಗೆ ಉಪ್ಪಿಲ್ಲ ಎಂದರೆ, "ಹಚ್ಚಿ ನೋಡೇ ಮುಚ್ಚೀನಿ, ಉಣ್ರಿ ಸುಮ್ನ."

ಸಂಜೆ ನಾಲ್ಕಕ್ಕೆ ಎದುರಿನ ಟೇಲರ್ ಅಂಗಡಿಯವರ ಜೊತೆ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಒಂದನ್ನು ಅಪ್ಪ ತಿನ್ನುತ್ತಿದ್ದರು, ಇನ್ನೊಂದರ ಮೆಣಸಿನಕಾಯಿ ತೆಗೆದು ಹಿಟ್ಟಿನ ಸಿಪ್ಪೆಯನ್ನು ನನಗೆ ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ಅದನ್ನು ಬಿಟ್ಟರೆ ಅವರ ಚಟ ಒಂದೇ, ಹೊಸ ಮಶೀನು. ಊರಿಗೆ ಯಾವ ಹೊಸ ವಸ್ತು ಬಂದರೂ ಮೊದಲು ಬಿಚ್ಚಿ ನೋಡಿದವರು ಅಪ್ಪನೇ ಇರಬೇಕು. ಮಳೆ ಶುರುವಾದರೆ ನಮ್ಮನ್ನು ಸ್ಕೂಟರಿನಲ್ಲಿ ಸಂಡೂರಿಗೆ ಕರೆದೊಯ್ಯುತ್ತಿದ್ದರು. ಎಲ್ಲರೂ ಹಸಿರು ಗುಡ್ಡ ನೋಡುತ್ತಿದ್ದರೆ ಅಪ್ಪ ಒಂದು ಬಂಡೆಯ ಮೇಲೆ ಹತ್ತಿ, ಟ್ರಾನ್ಸಿಸ್ಟರಿನ ಕಡ್ಡಿ ಎಳೆದು, ಅಲ್ಲಿ ಎಷ್ಟು ಸ್ಟೇಷನ್ ಸಿಗುತ್ತವೆ ಎಂದು ಎಣಿಸುತ್ತಿದ್ದರು.

"ಗುಡ್ಡ ನೋಡಾಕ ಬಂದೀವೋ, ಇದರ ಗುರ್ ಗುರ್ ಕೇಳಾಕ ಬಂದೀವೋ?" ಎಂದು ಅವ್ವ ಕೇಳಿದರೆ, "ಗುಡ್ಡ ಎಲ್ಲಿ ಹೋಗ್ತೈತಿ, ಸ್ಟೇಷನ್ ಹೋತಂದ್ರ ಹೋತು" ಎಂಬ ಉತ್ತರ. ಹಂಪಿಯಲ್ಲಿ ಸಂಗೀತದ ಕಂಬಗಳನ್ನು ದೂರದಿಂದ ನೋಡಿ ಬಹಳ ಹೊತ್ತು ನಿಂತಿದ್ದರು. ಕೈ ಮುಗಿಯುತ್ತಾರೆ ಎಂದುಕೊಂಡೆ. "ಕರೆಂಟಿಲ್ದ ಸ್ಪೀಕರ್ ಮಾಡ್ಯಾರ ನೋಡವ್ವ" ಎಂದರು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೇ ನನ್ನನ್ನು ಹೊಸಪೇಟೆಯ ಕಾನ್ವೆಂಟಿಗೆ ಹಾಕಿದರು. ಹಾಸ್ಟೆಲ್ಲಿನಲ್ಲಿದ್ದು ಓದಿದೆ. ಅಲ್ಲಿ ನಾನು ಇಂಗ್ಲಿಷನ್ನಷ್ಟೇ ಅಲ್ಲ, ಬೇರೊಂದು ಕನ್ನಡವನ್ನೂ ಕಲಿತೆ. 'ಮನಿ' ಅಂದರೆ 'ಮನೆ' ಎಂದು ತಿದ್ದುತ್ತಿದ್ದರು, 'ಹಂಗ' ಅಂದರೆ 'ಹಾಗೆ' ಎಂದು. ನಾನು ಬೇಗ ತಿದ್ದಿಕೊಂಡೆ, ರಜೆಗೆ ಊರಿಗೆ ಬಂದಾಗಲೂ ಹಾಗೇ ಮಾತಾಡತೊಡಗಿದೆ.

ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಮೈಕ್ ಸೆಟ್ ಕೆಟ್ಟಿತು. ನಮ್ಮ ಸಿಸ್ಟರ್ ಅಪ್ಪನನ್ನು ಕರೆಸಿದರು. ನನಗೆ ಎಷ್ಟು ಹೆಮ್ಮೆ! ಇಡೀ ತರಗತಿ ಸುತ್ತ ನಿಂತಿತ್ತು. ಅಪ್ಪ ಸ್ಪೀಕರಿನ ಹಿಂಬದಿ ಬಿಚ್ಚಿ ಒಳಗಿನ ಹರಿದ ಕಾಗದದ ಬಟ್ಟಲಿನ ಮೇಲೆ ಆ ನುಣುಪು ಬೆರಳು ಆಡಿಸಿ, "ಸಿಸ್ಟರ್, ಇದರ ಎದಿ ಒಡದೈತಿ ನೋಡ್ರಿ. ಹೊಸಾ ಎದಿ ಹಾಕಬೇಕು" ಎಂದರು. ಹಿಂದಿನಿಂದ ಯಾರೋ 'ಎದಿ' ಎಂದು ಅಣಕಿಸಿದಳು. ಹುಡುಗಿಯರೆಲ್ಲ ಬಾಯಿಗೆ ಕೈ ಹಿಡಿದು ನಕ್ಕರು.

ಗೇಟಿನ ತನಕ ಅವರನ್ನು ಬಿಡಲು ಹೋದವಳು, "ಅಪ್ಪ, 'ಎದಿ' ಅಲ್ಲ, 'ಎದೆ' ಅನ್ನಬೇಕು" ಎಂದೆ. ಅಪ್ಪ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ಆತವ್ವ. ಎದೆ" ಎಂದರು. ಆಮೇಲೆ ನನ್ನ ಗೆಳತಿಯರ ಎದುರು ಅವರು ಆ ಶಬ್ದವನ್ನೇ ಆಡಲಿಲ್ಲ.

ಮದುವೆಯಾಗಿ ನಾನು ಹೊಸಪೇಟೆಗೇ ಬಂದೆ. ನಮ್ಮ ಮನೆಯ ಮಾಳಿಗೆಯಿಂದ ಅಣೆಕಟ್ಟಿನ ಕಡೆಯ ಗುಡ್ಡ ಕಾಣುತ್ತದೆ. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆರೆದರೆಂದರೆ ಊರಿಗೆ ಊರೇ ನೋಡಲು ಹೊರಡುತ್ತದೆ. ಮದುವೆಯಾದ ಮೊದಲ ವರ್ಷ ನಾನೂ ನೋಡಿ ಬಂದು, ಅಪ್ಪನಿಗೆ ಫೋನ್ ಮಾಡಿ, "ಇವತ್ತು ನೀರು ಬಿಟ್ಟರು ಅಪ್ಪ" ಎಂದೆ. ಆ ನೀರೇ ಹರಿದು ಕಂಪ್ಲಿಯ ಸೇತುವೆಗೆ ಬರಬೇಕು. ಅಪ್ಪ ಅಂಗಡಿ ಬಿಟ್ಟು ಹೊಳೆಗೆ ಹೋಗಿ ಕಾದು ನಿಂತಿದ್ದರಂತೆ. ನೀರು ಏರಿದ ಮೇಲೆ ಫೋನ್ ಬಂತು: "ಯವ್ವಾ, ನೀ ಬಿಟ್ಟ ನೀರು ಬಂದು ಮುಟ್ತು ನೋಡು!"

ಅಂದಿನಿಂದ ಪ್ರತಿ ವರ್ಷ ಅದೇ. ಡ್ಯಾಮಿನ ಗೇಟನ್ನು ನಾನೇ ತೆರೆಯುತ್ತೇನೆ ಎನ್ನುವ ಹಾಗೆ. ಸೇತುವೆ ಮುಳುಗುವಷ್ಟು ನೀರು ಬಂದರೂ ಅವರು ಹತ್ತಿರ ಹೋಗಿ ಇಣುಕುತ್ತಿದ್ದರು. ಅವ್ವನಿಗೆ ಗೊತ್ತಾದರೆ ಜಗಳ. ಹೀಗಾಗಿ "ನಿಮ್ಮವ್ವಗ ಹೇಳಬ್ಯಾಡ" ಎನ್ನುವುದೂ ಆ ಸುದ್ದಿಯ ಜೊತೆ ಸೇರಿಕೊಂಡಿತ್ತು.

ಮುಂದೆ ಅವರ ಕಿವಿ ಮಂದವಾಯಿತು. ಫೋನಿನಲ್ಲಿ ನಾನು ಹೇಳಿದ್ದು ಅರ್ಧ ಕೇಳುತ್ತಿರಲಿಲ್ಲ. ನಮ್ಮ ಮನೆಯವರು ಅವರಿಗೆ ದೊಡ್ಡ ಸ್ಕ್ರೀನಿನ ಫೋನ್ ತಂದುಕೊಟ್ಟರು. ಅಪ್ಪನ ಸಂಭ್ರಮ ಹೇಳತೀರದು. ಆದರೆ ಆ ನುಣುಪು ಬೆರಳಿನಿಂದ ಎಷ್ಟು ಒತ್ತಿದರೂ ಅಕ್ಷರ ಮೂಡುತ್ತಿರಲಿಲ್ಲ. "ಊರಾಗಿನ ಮಶೀನೆಲ್ಲ ನನ್ನ ಮಾತು ಕೇಳ್ತಾವ, ಇದೊಂದು ನನ್ನ ಬೆರಳ ಲೆಕ್ಕಕ್ಕ ತಗೊಳ್ಳವಲ್ದು" ಎಂದು ಮುಖ ಸಣ್ಣ ಮಾಡಿದರು. ಆಗ ನಾನೇ ಮೈಕಿನ ಗುರುತು ತೋರಿಸಿ, ಎಡಗೈಯಿಂದ ಅದೊಂದನ್ನು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಕಲಿಸಿದೆ.

ಅಪ್ಪ ಮೊದಲ ಸಲ "ಹೆಂಗದೀಯವ್ವ, ಉಂಡೇನು" ಎಂದಾಗ ಅದು ಏನೇನೋ ಬರೆಯಿತು. "ಅದಕ್ಕೆ ಪುಸ್ತಕದ ಕನ್ನಡ ಮಾತ್ರ ತಿಳಿಯುತ್ತದೆ ಅಪ್ಪ. ಬಿಡಿಸಿ, ಶುದ್ಧವಾಗಿ ಮಾತಾಡಬೇಕು" ಎಂದೆ.

"ಅಂದ್ರ ಇದೂ ನಿಮ್ಮ ಸಿಸ್ಟರ್ ಸಾಲ್ಯಾಗ ಕಲ್ತೈತಿ ಅನ್ನು."

ಆಮೇಲೆ ಬರತೊಡಗಿದ ಸಂದೇಶಗಳನ್ನು ನಾನು ಇವತ್ತಿಗೂ ಅಳಿಸಿಲ್ಲ. "ಮಗಳೇ, ನೀನು ಊಟವನ್ನು ಮಾಡಿದೆಯಾ?" "ಮಗಳೇ, ನಿನ್ನ ತಾಯಿಯವರು ಇಂದು ನನ್ನ ಮೇಲೆ ಕೋಪಗೊಂಡಿದ್ದಾರೆ. ಕಾರಣ ನಾನು ಮಿಕ್ಸರನ್ನು ಬಿಚ್ಚಿದ್ದೇನೆ." ಅಪ್ಪ ಜೀವಮಾನದಲ್ಲಿ ಆಡದ ಭಾಷೆ. ಪರದೆಯ ಆಚೆಯಿಂದ ಅವ್ವ, "ಯಾರ ಕೂಡ ಮಾತಾಡಾಕತ್ತೀರಿ, ಪುರಾಣ ಹೇಳಿದಂಗ?" ಎನ್ನುತ್ತಿದ್ದದ್ದೂ ಒಮ್ಮೊಮ್ಮೆ ಸಂದೇಶದ ಬಾಲಕ್ಕೆ ಅಂಟಿಕೊಂಡು ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ.

ಎರಡು ವರ್ಷದ ಹಿಂದಿನ ಮಳೆಗಾಲ. ಡ್ಯಾಮಿಗೆ ನೀರು ಬರತೊಡಗಿತ್ತು, ಇನ್ನೂ ತುಂಬಿರಲಿಲ್ಲ. "ಈ ಸಲ ತಡವಾಗುತ್ತದೆ ಅಪ್ಪ, ಗೇಟು ತೆರೆಯಲು ಇನ್ನೂ ದಿನವಿದೆ" ಎಂದು ಎರಡು ದಿನದ ಹಿಂದೆ ನಾನೇ ಬರೆದಿದ್ದೆ. ಅವತ್ತು ಅವ್ವ ಹೊಸಪೇಟೆ ಹತ್ತಿರದ ಮಲಪನಗುಡಿಗೆ, ತನ್ನ ತಂಗಿಯ ಮನೆಗೆ ಬಂದಿದ್ದಳು. ಅಪ್ಪ ಅಂಗಡಿಯಲ್ಲಿ ಒಬ್ಬರೇ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನು ಮಿನುಗಿತು.

"ನದಿ ತುಂಬಿ ಬಂದಿದೆ. ನಿಮ್ಮವ್ವನಿಗೆ ಹೇಳಬೇಡ."

ನಗು ಬಂತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರೆದೆ: "ಸೇತುವೆ ಮೇಲೆ ಹೋಗಬೇಡಿ ಅಪ್ಪ. ದಡದಲ್ಲೇ ನಿಂತು ನೋಡಿ. ಅವ್ವನಿಗೆ ಹೇಳುವುದಿಲ್ಲ." ಜೊತೆಗೆ ಒಂದು ನಗುಮುಖ. ಮತ್ತೆ ರೊಟ್ಟಿಗೆ ಕೂತೆ. ಇನ್ನೊಂದು ರೊಟ್ಟಿ ಹೆಂಚಿಗೆ ಹಾಕುವಾಗ ಅನ್ನಿಸಿತು, ಗೇಟು ತೆರೆದಿಲ್ಲ, ನದಿ ಹೇಗೆ ತುಂಬಿತು? ಗುಡ್ಡದ ಕಡೆ ಮಳೆಯಾಗಿರಬೇಕು, ಹಳ್ಳದ ನೀರು ಬಂದಿರಬೇಕು ಎಂದುಕೊಂಡೆ. ರೊಟ್ಟಿ ಉಬ್ಬಿತು. ತಿರುವಿ ಹಾಕಿದೆ. ಹಿಟ್ಟಿನ ಮುದ್ದೆಗಳು ಇನ್ನೂ ಐದಾರು ಇದ್ದವು, ಎಲ್ಲವನ್ನೂ ಮುಗಿಸಿಯೇ ಎದ್ದೆ.

ಎದುರಿನ ಟೇಲರ್ ಊಟಕ್ಕೆ ಹೋಗಿ ಬಂದು ನೋಡಿದಾಗ ಅಪ್ಪ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದರಂತೆ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತಂತೆ. ಅವರೇ ಗಾಡಿ ಮಾಡಿಕೊಂಡು ಹೊಸಪೇಟೆಗೆ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಮನೆಯವರಿಗೆ ಎಷ್ಟು ತಡವಾಗಿದೆ ಎಂದು ಹೇಳುತ್ತಿದ್ದರು. ನಾನು ಹತ್ತಿರ ಹೋದೊಡನೆ ದನಿ ತಗ್ಗಿಸಿದರು.

ಮರುದಿನ ಅಪ್ಪನಿಗೆ ಮಾತು ಬಂತು. ಅವ್ವ ಚಹಾ ಕುಡಿದು ಬರಲು ಹೋಗಿದ್ದಳು. ನಾನು ಮಂಚದ ಪಕ್ಕ ಕೂತು, "ಯಾಕೆ ಅಪ್ಪ, ನನಗೆ ಒಂದು ಫೋನ್ ಮಾಡಬಾರದಿತ್ತೇ?" ಎಂದೆ.

"ನೀ ರೊಟ್ಟಿ ಬಡಿಯೋ ಹೊತ್ತು. ಕೈ ಹಿಟ್ಟಾಗಿರ್ತೈತಿ" ಎಂದರು. "ಬರದು ಹಾಕಿದ್ನಲ್ಲವ್ವ, ಎದಿ ತುಂಬಿ ಬಂದೈತಿ ಅಂತ."

ಎದಿ. ನೋವಿನಲ್ಲಿ ಅವರಿಗೆ ನಾನು ಕಲಿಸಿದ ಕನ್ನಡ ನೆನಪಾಗಿರಲಿಲ್ಲ. ಅವರ ಸ್ವಂತದ್ದೇ ಬಾಯಿಗೆ ಬಂದಿತ್ತು. ಫೋನಿಗೆ ಎದಿ ಗೊತ್ತಿರಲಿಲ್ಲ. ನದಿ ಗೊತ್ತಿತ್ತು.

ಹೇಳದೆ ಇರಲು ಆಗಲಿಲ್ಲ. ಫೋನ್ ತೆಗೆದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಸಿಕೊಂಡು ಕೆಟ್ಟ ರೇಡಿಯೊ ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಆ ಸ್ಥಿತಿಯಲ್ಲೂ ಅವರ ಮುಖದಲ್ಲಿ ಕುತೂಹಲ ಮೂಡಿತು. "ಎಲಾ ಇವನ! ಒಂದ ಅಕ್ಷರ ನೋಡು" ಎಂದು ನಕ್ಕರು. ನಾನು ನಗಲಿಲ್ಲ.

"ಗೇಟ್ ತಗದಿದ್ರೇನವ್ವ ನಿನ್ನೆ?"

"ಇಲ್ಲ ಅಪ್ಪ."

ಗೇಟು ತೆರೆದಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಎದ್ದಿರಲಿಲ್ಲ ಎಂಬುದು ಅವರಿಗೆ ಆ ಕ್ಷಣ ತಿಳಿಯಿತು. ನಾನು ನೆಲ ನೋಡುತ್ತಿದ್ದೆ. ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಜರುಗಿಸಿ, ಆ ನುಣುಪು ಬೆರಳನ್ನು ನನ್ನ ಮುಂಗೈ ಮೇಲೆ ಇಟ್ಟರು.

"ಗುಡ್ಡದ ಕಡಿ ಮಳಿ ಆಗಿರಬೇಕು ಅಂತ ತಿಳಕೊಂಡಿ, ಹೌದಿಲ್ಲೋ?"

ನಾನು ಹೌದೆಂದು ತಲೆಯಾಡಿಸಿದೆ.

"ಮತ್ತ! ಯಾರಿದ್ರೂ ಹಂಗ ತಿಳಕೋತಾರ. ತಪ್ಪು ನಂದು. ಓದಿ ನೋಡದ ಕಳಿಸಿಬಿಟ್ಟೆ. ಹಚ್ಚಿ ನೋಡದ ಮುಚ್ಚಿದಂಗಾತು."

ಇಡೀ ಆಯುಷ್ಯ ಒಂದು ರೇಡಿಯೊವನ್ನೂ ಹಾಗೆ ಮುಚ್ಚದವರು, ನನ್ನ ತಪ್ಪು ಮುಚ್ಚಲು ತಮ್ಮ ಕಟ್ಟಳೆಯನ್ನೇ ಒಡೆದುಕೊಂಡರು. ಅದರ ಋಣವನ್ನು ನಾನು ಎಲ್ಲಿ, ಯಾರಿಗೆ ತೀರಿಸಲಿ?

ಮೂರನೆಯ ದಿನ ಬೆಳಿಗ್ಗೆ ಅವರ ಉಸಿರು ಭಾರವಾಯಿತು. ಅವ್ವ ಕಾಲು ತಿಕ್ಕುತ್ತಿದ್ದಳು. "ಹೆಂಗ ಅನಸ್ತೈತ್ರಿ?" ಎಂದು ಕೇಳಿದಳು. ಅಪ್ಪ ನನ್ನ ಕಡೆ ಕಣ್ಣು ತಿರುಗಿಸಿದರು. "ದಂಡ್ಯಾಗ ನಿಂತು ನೋಡು ಅಂದಾಳ ನಿನ್ನ ಮಗಳು. ನಿಂತೀನಿ" ಎಂದರು. ಅವ್ವನಿಗೆ ತಿಳಿಯಲಿಲ್ಲ. ಅವರು ಮಂಪರಿನಲ್ಲಿ ಏನೋ ಅಂದರು ಎಂದುಕೊಂಡಳು. ಚಹಾದ ಹೊತ್ತಿಗೆ ಅಪ್ಪ ಹೋದರು.

ಅವರು ಹೋದ ಹನ್ನೊಂದನೆಯ ದಿನ ಡ್ಯಾಮಿನ ಗೇಟು ತೆರೆದರು. ಬೀದಿಯಲ್ಲಿ ಜನ ಗಾಡಿ ಹತ್ತಿ ಹೊರಟಿದ್ದರು. ನಾನು ಮಾಳಿಗೆ ಹತ್ತಲಿಲ್ಲ. ಕೈ ತಾನಾಗಿ ಫೋನಿನ ಕಡೆ ಹೋಯಿತು, ನಿಲ್ಲಿಸಿದೆ. ಆಸ್ಪತ್ರೆಯ ಮಂಚದ ಬಳಿಯ ಮಾತನ್ನು ಅಷ್ಟರಲ್ಲಿ ಅವ್ವನಿಗೆ ಹೇಳಿದ್ದೆ, ಎಲ್ಲವನ್ನೂ, ಐದಾರು ರೊಟ್ಟಿ ಉಳಿದಿದ್ದದ್ದನ್ನೂ. ಕೇಳಿ ಒಳಗೆ ಹೋದವಳು ಆ ವಿಷಯ ಮತ್ತೆ ಎತ್ತಿರಲಿಲ್ಲ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ಸಂಜೆ ಅವ್ವನ ಫೋನು ಬಂತು. ಹಿಂದೆ ಜನರ ಗದ್ದಲ, ಅದರ ಹಿಂದೆ ಒಂದೇ ಸಮನೆ ನೀರಿನ ಸದ್ದು. ಹೊಳೆಯ ಹತ್ತಿರ ಹೋದರೆಂದು ಅಷ್ಟು ವರ್ಷ ಅಪ್ಪನ ಜೊತೆ ಜಗಳ ಕಾದವಳು ಸೇತುವೆಯ ತನಕ ಹೋಗಿದ್ದಳು.

"ಯವ್ವಾ, ಕೇಳಸ್ತೈತೇನು? ನೀ ಬಿಟ್ಟ ನೀರು ಬಂದು ಮುಟ್ತು ನೋಡು."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ನೀರಿನ ಸದ್ದು ಕೇಳುತ್ತಿದ್ದೆ.

"ಯಾಕ, ಏನಾತು? ಮಾತಾಡವಲ್ಲೀ?"

"ಎದಿ ತುಂಬಿ ಬಂತಬೇ" ಎಂದೆ.