ಬುಟ್ಟಿಯ ಮೇಲಿನ ಹೆಸರು

ನ್ಯೂಜಿಲೆಂಡಿನ ಟೌರಂಗಾ ಊರಿನ ಹೊರಗಿನ ತರಕಾರಿ ಅಂಗಡಿ ಬಿಟ್ಟು ಅರ್ಧ ಗಂಟೆಯಾಯಿತು. ಕಾರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ರೋಮ್ ಕಡೆಯ ಅಜ್ಜಿಯೊಬ್ಬರದು. ಪ್ರತಿ ಬುಟ್ಟಿಯ ಮೇಲೂ ಅವರ ಊರಿನಲ್ಲಿ ಕರೆಯುವ ಹೆಸರು, ಅದರ ಕೆಳಗೆ ಅವರೇ ಮಾಡಿದ ಇಂಗ್ಲಿಷ್ ಅನುವಾದ. ಒಂದರಲ್ಲಿ ಅವರೆಯಂಥ ಚಪ್ಪಟೆ ಒಣಕಾಳು: ‘ಫುಸಾಲ್ಯೆ’, ಕೆಳಗೆ ‘ಸ್ನ್ಯಾಕ್ ಬೀನ್ಸ್’. ನನ್ನ ಗೆಳತಿ ಸವಿತಾ ಧಾರವಾಡದವಳು, ಇಲ್ಲಿ ನರ್ಸ್. ಸಂತೆಯಲ್ಲಿ ಮಾಡುವಂತೆ ದರ ಕೇಳುವ ಮೊದಲೇ ಒಂದು ಹಿಡಿ ಎತ್ತಿ, ತನ್ನ ಐದು ವರ್ಷದ ಮಗಳು ಅನ್ವಿಯ ಅಂಗೈಗೂ ನಾಲ್ಕು ಕಾಳು ಹಾಕಿದಳು. ಮಗು ಬಾಯಿ ತೆರೆದಿತ್ತು. ಅಜ್ಜಿ ಮೇಜಿನ ಆಚೆಯಿಂದಲೇ ಬಾಗಿ ಆ ಕೈಗೆ ಫಟ್ ಎಂದು ಹೊಡೆದರು. ಕಾಳು ನೆಲಕ್ಕೆ ಚೆಲ್ಲಿತು.

“ಬೇಯಿಸದಿದ್ದರೆ ವಿಷ,” ಎಂದರು ಏದುಸಿರು ಬಿಡುತ್ತ. “ಬೇಯಿಸಿ, ದಿನಾ ನೀರು ಬದಲಿಸಿ ವಾರವಿಡೀ ನೆನೆಸಬೇಕು. ನಮ್ಮೂರಲ್ಲಿ ಹೆಸರು ಹೇಳಿದರೆ ಸಾಕು, ಮಕ್ಕಳಿಗೂ ಗೊತ್ತು.”

ಸವಿತಾಳ ಮುಖ ಬಿಳುಚಿತ್ತು. “ಇಲ್ಲೆ ಯಾರಿಗ್ ಗೊತ್ತದವಾ?” ಎಂದು ನನಗೆ ಹೇಳಿ, ಅಜ್ಜಿಯ ಪೆನ್ನು ಕಸಿದುಕೊಂಡು, ಒಂದು ಚೀಟಿಯಲ್ಲಿ, ಔಷಧದ ಸೂಚನೆ ಬರೆಯುವಂತೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು: ‘ಹಾಗೇ ತಿನ್ನಬೇಡಿ. ಬೇಯಿಸಿ, ದಿನಾ ನೀರು ಬದಲಿಸಿ ಏಳು ದಿನ ನೆನೆಸಿ. ಆಮೇಲೆ ತಿಂಡಿ.’

“ಇದು ಹೆಸರೋ, ಅಡುಗೆ ಪುಸ್ತಕವೋ?” ಎಂದು ಗೊಣಗುತ್ತಲೇ ಅಜ್ಜಿ ಅದನ್ನು ಬುಟ್ಟಿಗೆ ಸಿಕ್ಕಿಸಿದರು.

ನಾವು ಕಾರು ಹತ್ತುವಾಗ ಯಾರೋ ಒಬ್ಬರು ಬಂದು ಅದೇ ಬುಟ್ಟಿಯತ್ತ ಕೈ ಚಾಚಿದರು. ಚೀಟಿ ಓದಿದರು. ಚಾಚಿದ ಕೈ ಮೆಲ್ಲಗೆ ಜೇಬಿಗೆ ಹೋಯಿತು.