ಭಟ್ಟಿಯ ಹಿಂದಿನ ಗೋಡೆ

ಬೇಕರಿಯವನು ನಿರ್ದಯಿ. ಸುಳ್ಳು ಹೇಳುವುದಿಲ್ಲ ಎಂಬ ಒಂದೇ ಗುಣವನ್ನು ದೊಣ್ಣೆಯಂತೆ ಹಿಡಿದು ಎದುರು ಸಿಕ್ಕವರ ಮೇಲೆಲ್ಲ ಬೀಸುತ್ತಿದ್ದ. ಯಾರಾದರೂ ಮುಖ ಸಿಂಡರಿಸಿದರೆ, “ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ನಿಮಗೆ,” ಎನ್ನುತ್ತಿದ್ದ.

ಅವನ ಭಟ್ಟಿಯ ಹಿಂಗೋಡೆಯೇ ಪಕ್ಕದ ಪ್ರಾರ್ಥನಾಮಂದಿರದ ಒಳಗೋಡೆ. ಆ ಕಡೆ ಸುಣ್ಣ ಬಳಿದು ಬೆಂಚು ಹಾಕಿದ್ದರು. ಗೋಡೆ ಭಟ್ಟಿಗೆ ತಾಗಿದ ಅದೊಂದೇ ಜಾಗದಲ್ಲಿ, ಆಳೆತ್ತರದವರೆಗೆ ಬೆಚ್ಚಗಿರುತ್ತಿತ್ತು. ದೇವರ ಅಂಗೈ ಎಂದು ಜನ ಹಣೆ ಹಚ್ಚುತ್ತಿದ್ದರು. ವಾರಕ್ಕೊಂದು ದಿನ ಅದು ತಣ್ಣಗಾಗುತ್ತಿತ್ತು. ದೇವರಿಗೂ ಬಿಡುವು ಬೇಡವೇ ಎನ್ನುತ್ತಿದ್ದರು. ಬೇಕರಿಗೂ ಅಂದೇ ರಜೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ಅವನ ಅಕ್ಕ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು ಬದುಕುವವಳು. ಬೆರಳ ಗೆಣ್ಣುಗಳು ಬಿಗಿದು ಸೂಜಿ ಹಿಡಿಯಲಾಗದೆ ಹೋದಾಗ ಅವಳೂ ಬಂದು ಆ ಗೋಡೆಗೆ ಕೈ ಒತ್ತಿದಳು. ತಿಂಗಳೊಳಗೆ ಬೆರಳುಗಳು ಸಲೀಸಾಗಿ ಬಾಗತೊಡಗಿದವು. ಹೊಲಿಗೆ ಮತ್ತೆ ಶುರುವಾಯಿತು.

“ದೇವರು ಕೈ ಹಿಡಿದ ಕಣೋ,” ಎಂದಳು.

“ಹಿಡಿದದ್ದು ನನ್ನ ಭಟ್ಟಿ, ಅಕ್ಕ. ಶಾಖ ಕೊಟ್ರೆ ಯಾರ ಗೆಣ್ಣಾದ್ರೂ ಸಡಿಲ ಆಗುತ್ತೆ. ಡಾಕ್ಟ್ರೂ ಅದನ್ನೇ ಅಲ್ವಾ ಹೇಳಿದ್ದು?”

“ಬಾಯಿ ಮುಚ್ಚು. ಎಲುಬಿಲ್ಲದ ನಾಲಗೆ ನಿಂದು.”

ಅವನಿಗೆ ಹಟ ಹತ್ತಿತು. ಯಾರಿಗೂ ಹೇಳದೆ ಎರಡು ದಿನ ಭಟ್ಟಿ ಆರಿಸಿಟ್ಟ. ಮೂರನೆಯ ಬೆಳಿಗ್ಗೆ ಮಂದಿರದ ಬಾಗಿಲಲ್ಲಿ ಕೈಕಟ್ಟಿ ನಿಂತ. ಗೋಡೆ ಹೆಣದಂತೆ ತಣ್ಣಗಿತ್ತು. ಜನ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಅಕ್ಕ ಎಲ್ಲರ ಎದುರಿಗೇ ಬಿಕ್ಕಿದಳು.

“ತಪ್ಪು ನಂದೇ. ಮೊನ್ನೆ ತಮ್ಮನಿಗೆ ಕೆಟ್ಟ ಮಾತಾಡ್ದೆ. ಮನಸ್ಸಲ್ಲಿ ಶಾಪಾನೂ ಹಾಕ್ದೆ. ಅದಕ್ಕೇ ದೇವರು ಕೈ ಬಿಟ್ಟ.”

ಆಗಲಾದರೂ ಅವನು ಸುಮ್ಮನಿರಬಹುದಿತ್ತು. ನಕ್ಕ. ಭಟ್ಟಿಯ ಸಂಗತಿಯನ್ನು ಎಲ್ಲರಿಗೂ ಬಿಡಿಸಿ ಹೇಳಿದ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಾವೂ ಅದೇ ಗೋಡೆಗೆ ಹಣೆ ಹಚ್ಚಿದ್ದನ್ನು ಮರೆತು ಜನ ಅವಳನ್ನು ನೋಡಿ ನಕ್ಕರು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಹೊರಟುಹೋದಳು.

ಆ ಕೈಗಳು ಅವನ ಕಣ್ಣಿಗೆ ಕಟ್ಟಿದವು. ಬಿಸಿನೀರಿನ ಚೀಲ ಕೊಂಡು ಅವಳ ಮನೆಗೆ ಹೋದ. ಮೇಜಿನ ಮೇಲೆ ಕಾಜಾ ಇಲ್ಲದ ಅಂಗಿಗಳ ರಾಶಿ. ಚೀಲವನ್ನು ಅವಳು ಮುಟ್ಟಲಿಲ್ಲ.

“ನೀನು ಹೇಳಿದ್ದು ನಿಜಾನೇ ಇರಬಹುದು. ಆದ್ರೆ ನಾನು ನಿನಗೋಸ್ಕರ ಅಳ್ತಿದ್ದೆ ಕಣೋ. ನೀನು ನಕ್ಕೆ.”

ತಲೆ ಎತ್ತಲಾಗದೆ ಹಿಂದಿರುಗಿದ. ಅಂದಿನಿಂದ ಭಟ್ಟಿಗೆ ಬ್ರೆಡ್ ತಳ್ಳುವಾಗ ಗೋಡೆಯಾಚೆ ಬೆಂಚು ಸರಿದ ಸದ್ದಾದರೂ ಸಾಕು, ಕಿವಿಯವರೆಗೂ ಮುಖ ಸುಡುತ್ತಿತ್ತು.

ಒಂದು ದಿನ ಮಂದಿರದ ಕಸ ಗುಡಿಸುವ ಮುದುಕಿ ಬನ್ನು ಕೊಳ್ಳಲು ಬಂದವಳು ಹೇಳಿದಳು: “ನಿಮ್ಮಕ್ಕ ಈಗ ನಿಮ್ಮ ರಜಾ ದಿನ ಮಾತ್ರ ಬರ್ತಾರಪ್ಪ. ತಣ್ಣನೆ ಗೋಡೆಗೇ ಕೈ ಇಟ್ಕೊಂಡು ಕೂರ್ತಾರೆ. ಅವತ್ತು ನಗೋಕೆ ಯಾರೂ ಇರಲ್ಲ, ನೋಡಿ.”

ಮುಂದಿನ ರಜೆಯಂದು ಅವನು ನಸುಕಿಗೇ ಎದ್ದ. ಹಿಟ್ಟು ನಾದಲಿಲ್ಲ, ಅಚ್ಚು ತೊಳೆಯಲಿಲ್ಲ. ಖಾಲಿ ಭಟ್ಟಿಗೆ ಸೌದೆ ತುಂಬಿ ಹಚ್ಚಿದ. ಬಿಸಿಲೇರಿದ ಮೇಲೆ ಮಂದಿರಕ್ಕೆ ಹೋದ. ಅಕ್ಕ ಗೋಡೆಗೆ ಅಂಗೈ ಒತ್ತಿ ಕೂತಿದ್ದಳು. ಹೆಜ್ಜೆ ಸದ್ದಿಗೆ ತಿರುಗಿದಳು.

“ಇವತ್ತು ಭಟ್ಟಿ ಹಚ್ಚಿದ್ದೀಯೇನೋ?”

ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಅವನು, “ಇಲ್ಲಕ್ಕ,” ಎಂದ.