ಅಕ್ಕನ ಮಂಡಿಯ ಕೀಲು

ನಮ್ಮ ಭಾವ ಮರದ ಕೃತಕ ಕಾಲು ಮಾಡುವವರು. ಕೈಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಜಿಪುಣತನದಲ್ಲಂತೂ ಕೇಳಲೇಬೇಡಿ. ಮಂಡಿಯ ಕೀಲು ಕೂರುವ ತೂತು ಕೂದಲೆಳೆಯಷ್ಟು ಓರೆಯಾದರೂ ಹಾಕಿಕೊಂಡವರು ಕುಂಟುತ್ತಾರೆ. ಅದಕ್ಕೇ ಗಿರಾಕಿಗಳ ಕಾಲನ್ನು ದೊಡ್ಡ ವರ್ಕ್‌ಶಾಪಿಗೆ ಒಯ್ದು ಒಳ್ಳೆಯ ಯಂತ್ರದಲ್ಲಿ ಕೊರೆಸುತ್ತಿದ್ದರು. ಅಲ್ಲಿಯೂ ಮೇಜಿನ ಮೇಲೆ ಬಟ್ಟಲು ನೀರಿಟ್ಟು ಯಂತ್ರ ಓಡಿಸಿ ನೋಡುವುದೇ. ನೀರು ನಡುಗಿದರೆ ಯಂತ್ರ ಅದುರುತ್ತದೆ, ತೂತು ಓರೆಯಾಗುತ್ತದೆ ಎಂದು ಕಾಲು ಎತ್ತಿಕೊಂಡು ವಾಪಸ್ಸು.

ನಮ್ಮಕ್ಕನಿಗೂ ಒಂದು ಕಾಲು ಮರದ್ದೇ. ಅದನ್ನು ಮಾತ್ರ ಮನೆಯಲ್ಲೇ, ಬಾಡಿಗೆಗೆ ತಂದ ಅಗ್ಗದ ಡ್ರಿಲ್‌ನಲ್ಲಿ ಕೊರೆದುಕೊಟ್ಟರು. ಹೆಂಡತಿಯ ಕಾಲು ತಾನೇ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಕ್ಕ ಸಾಯುವವರೆಗೂ ಹಾಗೇ ನಡೆದಳು: ಟಕ್, ಸರ್ರ್. ಟಕ್, ಸರ್ರ್. "ಒಳ್ಳೇದೇ ಆಯ್ತು ಬಿಡೇ, ನಾನು ಬರ್ತಿದೀನಿ ಅಂತ ಇವರಿಗೆ ಮೊದ್ಲೇ ಗೊತ್ತಾಗುತ್ತೆ" ಎಂದು ನಗುತ್ತಿದ್ದಳು. ಒಂದು ಜ್ವರಕ್ಕೇ ಹೋಗಿಬಿಟ್ಟಳು. ಅವಳ ಕಾಲನ್ನು ಭಾವ ಕೆಲಸದ ಕೋಣೆಯ ಗೋಡೆಗೆ ನೇತುಹಾಕಿದರು.

ಒಂದು ಮಧ್ಯಾಹ್ನ ಕಾಫಿ ಕೊಡಲು ಅಲ್ಲಿಗೆ ಹೋದೆ. ಯಾವ ಯಂತ್ರವೂ ಓಡುತ್ತಿರಲಿಲ್ಲ. ಆದರೂ ಭಾವನ ಮೇಜಿನ ಮೇಲಿದ್ದ ಬಟ್ಟಲಿನ ನೀರು ನಡುಗಿತು. ಆಮೇಲೆ ಕೇಳಿಸಿತು: ಟಕ್, ಸರ್ರ್. ಸದ್ದು ಮೇಜನ್ನು ಸುತ್ತಿ, ಹೊಸ್ತಿಲವರೆಗೆ ಹೋಗಿ, ಮತ್ತೆ ಒಳಕ್ಕೇ ತಿರುಗಿತು. ಕಾಲು ಗೋಡೆಯ ಮೇಲೇ ಇತ್ತು. ಮಂಡಿ ಮಾತ್ರ ಮೆಲ್ಲಗೆ ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ನಾನು ಲೋಟ ಹಿಡಿದೇ ಬಾಗಿಲಿಗೆ ಸರಿದೆ.

"ಹೆದರ್ಬೇಡ ಪುಟ್ಟಿ, ದಿನಾ ಬರ್ತಾಳೆ" ಎಂದರು ಭಾವ. "ಹೊಸ್ತಿಲು ದಾಟೋಕಾಗಲ್ಲ ಪಾಪ, ಕೀಲು ಓಲಾಡುತ್ತಲ್ಲ."

"ಹಾಗಾದ್ರೆ ವರ್ಕ್‌ಶಾಪಿಗೆ ಕೊಟ್ಟು ಸರಿ ಮಾಡಿಸಿ!"

"ಅವಳ ಕಾಲನ್ನ ಬೇರೆಯವರ ಕೈಗೆ ಕೊಡಲ್ಲ."

ಮರುದಿನ ಹೊಸ ಡ್ರಿಲ್ ಕೊಳ್ಳಲು ಅವರನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯವನು ಎರಡು ಡ್ರಿಲ್ ತೆಗೆದಿಟ್ಟ, ಭಾವ ಪಕ್ಕದಲ್ಲಿ ಬಟ್ಟಲು ನೀರಿಟ್ಟರು. ಅಗ್ಗದ್ದನ್ನು ಓಡಿಸಿದರೆ ಬಟ್ಟಲಿನ ನೀರು ಮೇಜಿಗೆಲ್ಲ ಚೆಲ್ಲಿತು. ದುಬಾರಿಯದು ಓಡುವಾಗ ನೀರು ಕೆನೆಗಟ್ಟಿದ ಹಾಲಿನ ಹಾಗೆ ಸುಮ್ಮನಿತ್ತು. ಭಾವ ಎರಡನ್ನೂ ತುಂಬಾ ಹೊತ್ತು ನೋಡಿ, ಅಗ್ಗದ್ದನ್ನೇ ಎತ್ತಿಕೊಂಡರು.

"ಅಯ್ಯೋ, ಈಗಲೂ ಜಿಪುಣತನವಾ?" ಎಂದೆ.

"ದುಡ್ಡಿನ ಮಾತಲ್ಲ ಕಣೇ. ಸರಿಹೋದ್ರೆ ಹೊರಟುಹೋಗ್ತಾಳೆ."

ಆದರೂ ನಾನು ಬಿಡಲಿಲ್ಲ. "ಭಾವ, ಕುಂಟಿದ್ದು ಸಾಲದಾ ಅವಳಿಗೆ?"

ಅವರು ಅಗ್ಗದ್ದನ್ನು ಕೆಳಗಿಟ್ಟು ದುಬಾರಿಯದನ್ನು ಕಟ್ಟಿಸಿಕೊಂಡರು. ಹಳೆಯ ತೂತಿಗೆ ಮರದ ಬೆಣೆ ಬಡಿದು ಮುಚ್ಚಿ, ಹೊಸದಾಗಿ ಕೊರೆದು, ಕೀಲು ಕೂರಿಸಿ, ಕಾಲನ್ನು ಮತ್ತೆ ಗೋಡೆಗೆ ಹಾಕಿದರು.

ಮಧ್ಯಾಹ್ನ ಇಬ್ಬರೂ ಕಾದೆವು. ನೀರು ನಡುಗಿತು. ಟಕ್. ಟಕ್. ಟಕ್. ಎಷ್ಟು ಚೆನ್ನಾಗಿ ನಡೆದಳು ನಮ್ಮಕ್ಕ! ಮೇಜನ್ನು ಸುತ್ತಿ ಬಂದು ಭಾವನ ಪಕ್ಕದಲ್ಲಿ ಸ್ವಲ್ಪ ನಿಂತಳು. ಆಮೇಲೆ ಹೆಜ್ಜೆಗಳು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಬೀದಿಯ ಸದ್ದಿನಲ್ಲಿ ಸೇರಿಹೋದವು.

ಈಗಲೂ ಭಾವ ದಿನಾ ಮಧ್ಯಾಹ್ನ ಬಟ್ಟಲಿಗೆ ನೀರು ತುಂಬಿ ಎದುರು ಕೂರುತ್ತಾರೆ. ನೀರು ಅಲುಗುವುದಿಲ್ಲ. ನಿನ್ನೆ ಕಾಫಿ ಲೋಟ ತೆಗೆದುಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದರು: "ಪುಟ್ಟಿ, ಆ ಅಗ್ಗದ ಡ್ರಿಲ್ ಅಂಗಡೀಲಿ ಇನ್ನೂ ಇರುತ್ತಾ?"